ಗಣಕಭಾಷೆಯ ಸ್ವಭಾವ ಎಲ್ಲಿದೆ?

ಎಲ್ಲ ಗಣಕಭಾಷೆಗಳೂ ಕೊನೆಗೆ ಯಂತ್ರದ ಆಜ್ಞೆಗಳಾಗಿಯೇ ಮಾರ್ಪಡುತ್ತವೆ, ಆದುದರಿಂದ ಅವುಗಳ ಭೇದವೆಲ್ಲ ಬರಿಯ ತೋರಿಕೆ ಎಂಬ ಮಾತು ವಿದ್ಯಾರ್ಥಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ನಂಬಿದವನು ಒಂದೇ ಭಾಷೆಯನ್ನು ಕಲಿತು ತೃಪ್ತನಾಗುತ್ತಾನೆ. ಆದುದರಿಂದ ಈ ಮಾತನ್ನು ಪರೀಕ್ಷಿಸುವುದು ಅವಶ್ಯ.

ನಮ್ಮ ಬಿಜ್ಜರಗಿಯ ಜನರು ಭಾಸ್ಕರಾಚಾರ್ಯರನ್ನು ತಮ್ಮ ಊರಿನವರೆಂದು ಹೇಳುವುದುಂಟು. ಅವರ ‘ವಿಜ್ಜಡವಿಡ’ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಮತಭೇದವಿದೆ, ಅದು ಹಾಗಿರಲಿ. 1150ರ ‘ಲೀಲಾವತಿ’ಯಲ್ಲಿ ಅವರು 135ನ್ನು 12ರಿಂದ ಗುಣಿಸಲು ಹಲವು ಮಾರ್ಗಗಳನ್ನು ತೋರಿಸಿದ್ದಾರೆ. 12ನ್ನು 8 ಮತ್ತು 4 ಎಂದು ಒಡೆದರೆ 1080 ಮತ್ತು 540 ಕೂಡಿ 1620 ಆಗುತ್ತದೆ. 135ನ್ನು 3ರಿಂದ ಗುಣಿಸಿ, ಬಂದ 405ನ್ನು 4ರಿಂದ ಗುಣಿಸಿದರೂ 1620. ಮಾರ್ಗ ಬದಲಾಯಿತು; ಗುಣಾಕಾರದ ಅರ್ಥ ಬದಲಾಗಲಿಲ್ಲ.

ಗಣಕಭಾಷೆಗಳ ವಿಷಯವೂ ಹೀಗೆಯೇ. ಸಿ ಭಾಷೆಯಲ್ಲಿ ಯಂತ್ರಕ್ಕೆ ಹೆಜ್ಜೆಹೆಜ್ಜೆಯಾಗಿ ಆಜ್ಞೆ ಕೊಡುತ್ತೇವೆ. ಹ್ಯಾಸ್ಕೆಲ್‌ನಲ್ಲಿ ಯಾವುದು ಯಾವುದಕ್ಕೆ ಸಮವೆಂದು ಸಮೀಕರಣಗಳಂತೆ ಬರೆಯುತ್ತೇವೆ. 1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಹುಟ್ಟಿದ ಪ್ರೊಲಾಗ್‌ನಲ್ಲಿ ಸಂಗತಿಗಳನ್ನೂ ನಿಯಮಗಳನ್ನೂ ತಿಳಿಸಿ ಪ್ರಶ್ನೆ ಕೇಳುತ್ತೇವೆ. 1973ರಲ್ಲಿ ಈ ಭಾಷೆಯನ್ನು ನಡೆಸುವ ವ್ಯವಸ್ಥೆಯನ್ನು ಹೆಚ್ಚಾಗಿ ಫೋರ್ಟ್ರಾನಿನಲ್ಲಿ ರಚಿಸಲಾಯಿತು. ಅಷ್ಟರಿಂದ ಪ್ರೊಲಾಗ್ ಫೋರ್ಟ್ರಾನ್ ಆಗಲಿಲ್ಲ. ಪ್ರೋಗ್ರಾಮು ಬರೆಯುವವನು ಯೋಚಿಸಬೇಕಾದುದು ನಿಯಮಗಳ ಕುರಿತಾಗಿಯೇ.

ಇದಕ್ಕೆ ಒಂದು ಆಕ್ಷೇಪವುಂಟು. ‘ತಂದೆತಾಯಿಗಳು ಪೂರ್ವಜರು, ಪೂರ್ವಜರ ತಂದೆತಾಯಿಗಳೂ ಪೂರ್ವಜರು’ ಎಂಬ ನಿಯಮಗಳು ತರ್ಕಕ್ಕೆ ನಿರ್ದುಷ್ಟವಾಗಿವೆ. ಆದರೆ ಎರಡನೆಯದನ್ನೇ ಮೊದಲಿಟ್ಟು, ಅದರೊಳಗೂ ಪೂರ್ವಜರನ್ನೇ ಮೊದಲು ಹುಡುಕಲು ಹೇಳಿದರೆ, ಸಾಮಾನ್ಯ ಪ್ರೊಲಾಗ್ ಉತ್ತರವನ್ನೇ ಕಾಣದೆ ಹುಡುಕುತ್ತಲೇ ಇರುತ್ತದೆ. ಅದೇ ನಿಯಮಗಳಿಂದ ಡೇಟಾಲಾಗ್ ಉತ್ತರ ಕೊಟ್ಟು ನಿಲ್ಲುತ್ತದೆ. ಹಾಗಾದರೆ ಒಳಗಿನ ರಚನೆಯೇ ಸ್ವಭಾವವನ್ನು ನಿರ್ಧರಿಸಿತಲ್ಲವೆ?

ಇಲ್ಲ. ಪ್ರೊಲಾಗ್‌ನ ಹುಡುಕಾಟದ ಕ್ರಮವು 1995ರ ಅಂತರರಾಷ್ಟ್ರೀಯ ಮಾನಕದಲ್ಲಿಯೇ ನಿಗದಿಯಾಗಿದೆ. ಅದು ಯಂತ್ರದ ಗುಣವಲ್ಲ, ಭಾಷೆಯ ವಚನ. ಭಾಷೆಯು ಪ್ರೋಗ್ರಾಮುಕಾರನಿಗೆ ಏನನ್ನು ವಚನವಾಗಿ ಕೊಡುತ್ತದೆಯೋ ಅದರಲ್ಲಿಯೇ ಅದರ ಸ್ವಭಾವವಿದೆ. ವಚನಕ್ಕೆ ಹೊರಗಿನದೆಲ್ಲ ವೇಗದ, ಸ್ಮೃತಿಕೋಶದ ವ್ಯಯದ ಪ್ರಶ್ನೆ. ಅವು ಕ್ಷುಲ್ಲಕವಲ್ಲ, ಆದರೆ ಅವುಗಳಿಂದ ಚಿಂತನಕ್ರಮವು ನಿರ್ಣಯವಾಗುವುದಿಲ್ಲ.

ಆದುದರಿಂದ ಸಿ ಅಥವಾ ಪೈಥಾನ್ ಬಲ್ಲ ವಿದ್ಯಾರ್ಥಿಯು ಹ್ಯಾಸ್ಕೆಲ್ ಅಥವಾ ಪ್ರೊಲಾಗನ್ನೂ ಅಭ್ಯಸಿಸಲಿ. ಇವೆರಡೂ ಸಾಧಾರಣ ಗಣಕದಲ್ಲಿಯೂ ನಡೆಯುತ್ತವೆ, ಉಚಿತವಾಗಿ ದೊರೆಯುತ್ತವೆ. ಯಂತ್ರವು ಒಂದೇ ಆಗಿದ್ದರೂ, ಅದರೆದುರು ಕುಳಿತವನು ಒಂದೇ ರೀತಿಯಲ್ಲಿ ಯೋಚಿಸಬೇಕಾಗಿಲ್ಲ.