ಬೀಮಿನ ಬಲ ಕ್ವಿಂಟಾಲಿನ ಲೆಕ್ಕವಲ್ಲ

ಮಂಗಳೂರಿನಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ‘ಸ್ಟೀಲು ಎಷ್ಟು ಕ್ವಿಂಟಾಲ್ ಬೇಕಾದೀತು?’ ಅದರ ಬೆನ್ನಿಗೇ ಇನ್ನೊಂದು ಮಾತು: ‘ಎರಡು ಸರಳು ಜಾಸ್ತಿಯೇ ಹಾಕಿ, ಗಟ್ಟಿಯಾಗಿರಲಿ.’ ಜೀವಮಾನದ ಉಳಿತಾಯವನ್ನೆಲ್ಲ ಒಂದು ಮನೆಗೆ ಸುರಿಯುವವರ ಈ ಎಚ್ಚರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಬ್ಬಿಣ ಹೆಚ್ಚಿದಷ್ಟೂ ಬೀಮು ಗಟ್ಟಿ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಕಡಲಿಗೆ ಅಂಟಿಕೊಂಡ ಈ ಊರಿನಲ್ಲಂತೂ ಉಳಿದರ್ಧವನ್ನು ಮರೆತವರು ತಮ್ಮ ದುಡ್ಡಿನಲ್ಲೇ ತಮ್ಮ ಮನೆಯನ್ನು ದುರ್ಬಲಗೊಳಿಸಿಕೊಳ್ಳುತ್ತಾರೆ.

1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಆ ಹಂಚನ್ನು ಹೊತ್ತದ್ದು ಮರದ ತೊಲೆ, ಪಕ್ಕಾಸುಗಳು. ಭಾರ ಬಿದ್ದ ತೊಲೆ ಬಾಗುವಾಗ ಅದರ ಮೇಲ್ಭಾಗ ಕುಗ್ಗುತ್ತದೆ, ತಳ ಹಿಗ್ಗುತ್ತದೆ. ನಾರಿನ ಮರ ಎರಡನ್ನೂ ತಾಳಬಲ್ಲದು. ಕಾಂಕ್ರೀಟು ಹಾಗಲ್ಲ, ಅದು ಕಲ್ಲಿನ ಜಾತಿ. ಎಂ25 ಎಂದು ಕರೆಯುವ ಕಾಂಕ್ರೀಟು ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳಿದರೆ, ಬಾಗುವಾಗಿನ ಎಳೆತಕ್ಕೆ 3.5 ನ್ಯೂಟನ್ ಸುಮಾರಿಗೇ ಬಿರಿಯುತ್ತದೆ. ಆ ಎಳೆತವನ್ನು ಹೊರಲೆಂದೇ ಕಬ್ಬಿಣ ಬಂದದ್ದು. 1867ರಲ್ಲಿ ಸರಿಗೆ ಹುದುಗಿಸಿದ ಹೂಕುಂಡಗಳಿಗೆ ಪೇಟೆಂಟ್ ಪಡೆದ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ನನ್ನ ಮಟ್ಟಿಗೆ ಅವನಷ್ಟೇ ದೊಡ್ಡವನು, 1880ರ ದಶಕದಲ್ಲಿ ಸರಳು ಇರಬೇಕಾದ್ದು ಹಿಗ್ಗುವ ಬದಿಯಲ್ಲಿ ಎಂದು ಲೆಕ್ಕ ಹಾಕಿ ತೋರಿಸಿದ ಜರ್ಮನಿಯ ಎಂಜಿನಿಯರ್ ಮಥಿಯಾಸ್ ಕೋನೆನ್.

ಸಾಧಾರಣ ಮನೆಯ ಒಂದು ಬೀಮನ್ನೇ ನೋಡೋಣ. ಅಗಲ 230 ಮಿ.ಮೀ., ಎತ್ತರ 450 ಮಿ.ಮೀ., ಕಾಂಕ್ರೀಟು ಎಂ25, ಕಬ್ಬಿಣ ಎಫ್‌ಇ 500 ದರ್ಜೆಯದು. ಸರಳೇ ಇಲ್ಲದಿದ್ದರೆ ಬಾಗಿಸುವ ಬಲ ಸುಮಾರು 27 ಕಿಲೋನ್ಯೂಟನ್-ಮೀಟರ್ ಮುಟ್ಟಿದಾಗ ತಳ ಬಿರಿದು, ಆ ಕ್ಷಣವೇ ಬೀಮು ಎರಡು ತುಂಡು. ತಳದಲ್ಲಿ 10 ಮಿ.ಮೀ.ನ ಎರಡು ಸರಳು ಇಟ್ಟರೆ ಲೆಕ್ಕದಲ್ಲಿ ಸಿಗುವ ಬಲವೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಲಾಭವೇನು? ಕಾಂಕ್ರೀಟು ಬಿರಿದು ಕೈಬಿಟ್ಟ ಎಳೆತವನ್ನು ಈ ಸರಳುಗಳು ಹಿಡಿದುಕೊಳ್ಳುತ್ತವೆ, ಬೀಮು ಬೀಳುವುದಿಲ್ಲ. ಭಾರತೀಯ ಮಾನಕ ಐಎಸ್ 456 ಕನಿಷ್ಠ ಇಷ್ಟು ಕಬ್ಬಿಣ ಇರಲೇಬೇಕು ಎನ್ನುವುದು ಈ ಕಾರಣಕ್ಕೆ. 16 ಮಿ.ಮೀ.ನ ಮೂರು ಸರಳು ಇಟ್ಟರೆ ಬಲ ಸುಮಾರು 91ಕ್ಕೆ ಏರುತ್ತದೆ. ಇಲ್ಲಿಯವರೆಗೆ ಮನೆ ಯಜಮಾನರ ಮಾತು ಸರಿ.

ಮೂರನ್ನು ಆರು ಮಾಡಿದರೆ? ಬಲ ಇಮ್ಮಡಿಯಾಗುವುದಿಲ್ಲ. ಮೇಲ್ಭಾಗಕ್ಕೂ ತಕ್ಕಷ್ಟು ಸರಳು ಕೊಡದೆ ಈ ಬೀಮಿನಲ್ಲಿ ಸುಮಾರು 122ರ ಆಚೆ ಲೆಕ್ಕ ಹಿಡಿಯಲು ಮಾನಕ ಒಪ್ಪುವುದಿಲ್ಲ. ಅದರ ಹಿಂದೆ ಮನುಷ್ಯರ ಜೀವದ ಯೋಚನೆ ಇದೆ. ಕಬ್ಬಿಣ ಮಿತಿಯಲ್ಲಿದ್ದಾಗ, ಭಾರ ಮೀರಿದರೆ ಮೊದಲು ಸೋಲುವುದು ಸರಳು. ಅದು ಮುರಿಯುವ ಮುನ್ನ ಉದ್ದಕ್ಕೆ ಹಿಗ್ಗುತ್ತ ಹೋಗುತ್ತದೆ. ತಳದ ಬಿರುಕು ಅಗಲವಾಗುತ್ತದೆ, ಬೀಮು ಕಣ್ಣಿಗೆ ಕಾಣುವಷ್ಟು ಜೋತುಬೀಳುತ್ತದೆ, ಗಾರೆ ಉದುರುತ್ತದೆ. ಒಳಗಿದ್ದವರಿಗೆ ಮಕ್ಕಳನ್ನು ಕರೆದುಕೊಂಡು ಹೊರಗೋಡಲು ಸಮಯ ಸಿಗುತ್ತದೆ. ಕಬ್ಬಿಣ ಮಿತಿಮೀರಿದರೆ ಸರಳು ಸೋಲುವ ಮೊದಲೇ ಮೇಲಿನ ಕಾಂಕ್ರೀಟು ಅಪ್ಪಚ್ಚಿಯಾಗುತ್ತದೆ. ಆ ಸೋಲಿಗೆ ಮುನ್ಸೂಚನೆ ಇಲ್ಲ. ಯಾವುದು ಮೊದಲು ಸೋಲಬೇಕು ಎಂಬುದನ್ನೂ ನಿರ್ಧರಿಸಿ ಕಟ್ಟುವುದು ನನಗೆ ಈ ಶಾಸ್ತ್ರದ ಅತ್ಯಂತ ಮಾನವೀಯ ಭಾಗವಾಗಿ ಕಾಣುತ್ತದೆ.

ಆ ಆರು ಸರಳುಗಳನ್ನು ಸೆಂಟ್ರಿಂಗ್ ಹಲಗೆಯ ಮೇಲೆ ಬಗ್ಗಿ ನೋಡಿ. 230ರ ಅಗಲದಲ್ಲಿ ಎರಡೂ ಬದಿಯಲ್ಲಿ ಸರಳನ್ನು ಮುಚ್ಚುವ ಕಾಂಕ್ರೀಟಿನ ಪದರ, ಅಂದರೆ 30 ಮಿ.ಮೀ. ಕವರು, 8 ಮಿ.ಮೀ.ನ ರಿಂಗು ಕಳೆದರೆ ಉಳಿಯುವುದು 154. ಒಂದೇ ಸಾಲಿನಲ್ಲಿ ಆರು ಸರಳೇ 96 ನುಂಗುತ್ತವೆ. ಉಳಿದ 58ನ್ನು ಐದು ಸಂದುಗಳಿಗೆ ಹಂಚಿದರೆ ತಲಾ 12 ಮಿ.ಮೀ. ಕೂಡ ಬರದು. ಹಾಕುವ ಜಲ್ಲಿ 20 ಮಿ.ಮೀ.ನದು! ಅದು ಸರಳಿನ ಮೇಲೆಯೇ ನಿಲ್ಲುತ್ತದೆ, ಕೆಳಕ್ಕೆ ಸಿಮೆಂಟಿನ ಹಾಲಷ್ಟೇ ಇಳಿಯುತ್ತದೆ, ವೈಬ್ರೇಟರಿನ ಮೂತಿಯೂ ಒಳಗೆ ಹೋಗದು. ಹಲಗೆ ಬಿಚ್ಚಿದಾಗ ಬೀಮಿನ ತಳ ಜೇನುಗೂಡಿನ ಹಾಗೆ ತೂತುತೂತು. ಅದರ ಮೇಲೆ ಗಾರೆ ಬಿದ್ದರೆ ಯಾರಿಗೂ ಕಾಣುವುದಿಲ್ಲ.

ಕಡಲಗಾಳಿಗೆ ಮಾತ್ರ ಆ ತೂತುಗಳೇ ದಾರಿ. ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣ ಕಬ್ಬಿಣದ ಮೇಲೆ ಒಂದು ತೆಳುಪದರ ಕಟ್ಟಿ ಕಾಯುತ್ತದೆ. ಉಪ್ಪಿನ ಕ್ಲೋರೈಡು ಆ ಪದರವನ್ನು ಒಡೆಯುತ್ತದೆ. ಪಣಂಬೂರು, ಬೆಂಗ್ರೆ, ಉಳ್ಳಾಲಗಳ ಉಪ್ಪುಗಾಳಿಗೆ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆ, ಆಮೇಲಿನ ಸುಡುಬಿಸಿಲು ಸೇರಿಕೊಳ್ಳುತ್ತವೆ. ಅಳಿವೆಯ ಉಪ್ಪುನೀರು ಸೋಕಿದ ಹೊಯ್ಗೆಯನ್ನು ತೊಳೆಯದೆ ಬಳಸಿದರೆ ಶತ್ರುವನ್ನು ನಾವೇ ಒಳಗೆ ಕೂರಿಸಿದಂತೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. 16 ಮಿ.ಮೀ.ನ ಸರಳು ಸುತ್ತಲೂ ಒಂದೇ ಮಿ.ಮೀ. ಸವೆದು 14ಕ್ಕೆ ಇಳಿದರೆ ಅದರ ಕಬ್ಬಿಣದಲ್ಲಿ ನೂರಕ್ಕೆ 23 ಪಾಲು ಹೋಯಿತು.

ಇದಕ್ಕೇ ಐಎಸ್ 456, ಕಡಲತೀರದ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟಿಗೆ ಎಂ30ಕ್ಕೆ ಕಡಿಮೆಯಿಲ್ಲದ ದರ್ಜೆ, 45 ಮಿ.ಮೀ. ಕವರು ಕೇಳುತ್ತದೆ. ಕವರು ಹೆಚ್ಚಿದರೆ ಸರಳು ಮೇಲೆ ಸರಿದು ಬಲ ಕಡಿಮೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಮೂರು ಸರಳಿನ ಬೀಮಿನಲ್ಲಿ 30ರ ಕವರನ್ನು 45 ಮಾಡಿದರೆ ನಷ್ಟವಾಗುವುದು ನೂರಕ್ಕೆ ನಾಲ್ಕು ಪಾಲು. ಎತ್ತರವನ್ನು ಸ್ವಲ್ಪ ಹೆಚ್ಚಿಸಿ ಅದನ್ನು ತುಂಬಿಕೊಳ್ಳಬಹುದು. ತುಕ್ಕು ತಿಂದ 23 ಪಾಲನ್ನು ತುಂಬಿಕೊಡುವುದು ಅಷ್ಟು ಸುಲಭವಲ್ಲ.

ಕಿಟಕಿಯ ಮೇಲಿನ ಸಜ್ಜಾದಲ್ಲಿ ಸರಳಿನ ಜಾಗವೇ ಬೇರೆ. ಗೋಡೆಯಿಂದ ಹೊರಚಾಚಿದ ಅದು ಹಿಗ್ಗುವುದು ಮೇಲ್ಭಾಗದಲ್ಲಿ, ಸರಳೂ ಅಲ್ಲೇ ಇರಬೇಕು. ಕಾಂಕ್ರೀಟು ಹಾಕುವ ಗಡಿಬಿಡಿಯಲ್ಲಿ ಯಾರೋ ಕಾಲಿಟ್ಟು ಸರಳು 30 ಮಿ.ಮೀ. ಕೆಳಗೆ ಕೂತರೆ, 100 ಮಿ.ಮೀ. ದಪ್ಪದ ಸಜ್ಜಾದ ಬಲದಲ್ಲಿ ನೂರಕ್ಕೆ ಸುಮಾರು 40 ಪಾಲು ಹೋಗುತ್ತದೆ. ಸ್ಟೀಲಿನ ಬಿಲ್ಲಿನಲ್ಲಿ ಇದರ ಸುಳಿವೇ ಇರುವುದಿಲ್ಲ.

ಆದ್ದರಿಂದ ಕಾಂಕ್ರೀಟು ಹಾಕುವ ಮುನ್ನ ಎಂಜಿನಿಯರರು ಬಂದು ಕವರ್ ಬ್ಲಾಕು, ಸರಳಿನ ನಡುವಿನ ಸಂದು, ಸಜ್ಜಾದ ಮೇಲಿನ ಸರಳು ಇಷ್ಟನ್ನೂ ನೋಡದೆ ಮಿಕ್ಸರ್ ತಿರುಗಬಾರದು ಎಂದು ಕರಾರಿನಲ್ಲೇ ಬರೆಸಬೇಕು. ಈಗಾಗಲೇ ಬೀಮಿನ ತಳದಲ್ಲಿ ಸರಳಿನುದ್ದಕ್ಕೆ ಬಿರುಕು ಕಂಡವರು ಸಿಮೆಂಟು ಮೆತ್ತಿಸಿ ಬಣ್ಣ ಹೊಡೆಸುವುದನ್ನು ಬಿಡಬೇಕು. ಮೊದಲು ಮೇಲಿನ ಭಾರಕ್ಕೆ ಜಾಕ್ ಕೊಡಬೇಕು. ಸಡಿಲಾದ ಕಾಂಕ್ರೀಟನ್ನು ಸರಳಿನ ಹಿಂಭಾಗದವರೆಗೂ ಕೆತ್ತಿ, ತುಕ್ಕು ಉಜ್ಜಿ, ಉಳಿದ ಸರಳಿನ ದಪ್ಪವನ್ನು ಅಳೆದು ನೋಡಿದ ಮೇಲೆಯೇ ಹೊಸ ಸರಳು ಬೇಕೋ ಬೇಡವೋ ಎಂದು ತೀರ್ಮಾನಿಸಲು ಸಾಧ್ಯ.