ಫೋಟೊ ಮೇಲೆ ರವೆ ಎರಚಿದವರು ಯಾರು?

ದೀಪಾವಳಿ ಸಂಜೆ ಅಜ್ಜಿ ಹಣತೆ ಹಚ್ಚುತ್ತಾರೆ, ಮೊಮ್ಮಗಳು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾಳೆ. ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರೆ ಮಾತ್ರ ಅಜ್ಜಿಯ ಕೆನ್ನೆ, ಸೆರಗು, ಹಿಂದಿನ ಗೋಡೆ ಎಲ್ಲದರ ಮೇಲೂ ರವೆ ಎರಚಿದ ಹಾಗೆ ಕಾಳು ಕಾಳು. ನಡುವೆ ಕೆಂಪು, ಹಸಿರು ಚುಕ್ಕಿ ಬೇರೆ. ಫೋಟೊಗ್ರಾಫರುಗಳು ಇದನ್ನು ‘ನಾಯ್ಸ್’ ಎನ್ನುತ್ತಾರೆ, ಅಂದರೆ ಗದ್ದಲ. ಸದ್ದೇ ಇಲ್ಲದ ಚಿತ್ರದಲ್ಲಿ ಗದ್ದಲ ಎಲ್ಲಿಂದ ಬಂತು?

ಮಕ್ಕಳೇ, ಮಳೆ ಶುರುವಾಗುವಾಗ ಅಂಗಳದಲ್ಲಿ ಹತ್ತು ಲೋಟ ಸಾಲಾಗಿ ಇಟ್ಟಿರಿ ಎಂದುಕೊಳ್ಳಿ. ತುಂತುರು ಬಿದ್ದ ಕೂಡಲೇ ಎತ್ತಿ ನೋಡಿದರೆ ಒಂದರಲ್ಲಿ ಎರಡು ಹನಿ, ಪಕ್ಕದ್ದರಲ್ಲಿ ಏಳು. ಜೋರು ಮಳೆಯಲ್ಲಿ ಅರ್ಧ ಗಂಟೆ ಬಿಟ್ಟರೆ ಎಲ್ಲ ಲೋಟದ ನೀರೂ ಹೆಚ್ಚುಕಡಿಮೆ ಒಂದೇ ಮಟ್ಟ. ಕ್ಯಾಮೆರಾದೊಳಗಿನ ಸೆನ್ಸರ್ ಮೇಲೆ ಇಂಥ ಲಕ್ಷಾಂತರ ಪುಟ್ಟ ಲೋಟಗಳಿವೆ. ಬೆಳಕು ಕೂಡ ಹನಿ ಹನಿಯಾಗಿಯೇ ಬೀಳುತ್ತದೆ. ಆ ಹನಿಯ ಹೆಸರು ಫೋಟಾನ್. ಸರಾಸರಿ 9 ಹನಿ ಬೀಳುವ ಕಡೆ ಸುಮಾರು 3 ಹನಿಯ ಏರುಪೇರು ಇರುತ್ತದೆ, ಅಂದರೆ ಮೂರರಲ್ಲೊಂದು ಪಾಲು. 900 ಬೀಳುವ ಕಡೆ ಏರುಪೇರು 30, ಮೂವತ್ತರಲ್ಲೊಂದು ಪಾಲು ಮಾತ್ರ. ವರ್ಗಮೂಲ ಕಲಿತ ಮಕ್ಕಳಿಗೆ ಲೆಕ್ಕ ಹೊಳೆದಿರಬೇಕು. ಬೆಳಕು ಕಡಿಮೆಯಾದಷ್ಟೂ ಈ ಏರುಪೇರು ಎದ್ದು ಕಾಣುತ್ತದೆ. ಆ ರವೆ ಬಹುಪಾಲು ಇದೇ.

ಹಾಗಾದರೆ ಐಎಸ್‌ಒ ಎಂದರೇನು? ಹಿರಿಯರಿಗೆ ಫಿಲ್ಮ್ ರೋಲಿನ ಡಬ್ಬಿಯ ಮೇಲಿನ 100, 400 ಎಂಬ ಅಂಕಿ ನೆನಪಿರಬಹುದು. ಈಗ ಅದೇ ಅಂಕಿ ಕ್ಯಾಮೆರಾದೊಳಗೆ ಸೇರಿಕೊಂಡಿದೆ. 100 ಇದ್ದದ್ದನ್ನು 3200 ಮಾಡಿದರೆ ಫೋಟೊ ಬೆಳ್ಳಗಾಗುತ್ತದೆ, ನಿಜ. ಆದರೆ ಹೊಸ ಬೆಳಕೇನೂ ಒಳಗೆ ಬರುವುದಿಲ್ಲ. ಬಂದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ. ದೂರದ ರೇಡಿಯೊ ಸ್ಟೇಷನ್ನಿಗೆ ವಾಲ್ಯೂಮ್ ಏರಿಸಿದರೆ ಹಾಡಿನ ಜತೆ ಕರಕರ ಸದ್ದೂ ಏರುತ್ತಿತ್ತಲ್ಲ, ಹಾಗೆ.

ಆದ್ದರಿಂದ ಮೊದಲ ಮದ್ದು ಬೆಳಕನ್ನೇ ಹೆಚ್ಚು ತರುವುದು. ಅಜ್ಜಿಯನ್ನು ದೀಪಕ್ಕೆ ಇನ್ನೊಂದು ಅಡಿ ಹತ್ತಿರ ಕೂರಿಸಿ, ಸೆರಗು ಜೋಪಾನ. ಪಕ್ಕದ ಕೋಣೆಯ ಬಲ್ಬು ಹಾಕಿ, ಬಾಗಿಲು ತೆರೆಯಿರಿ. ಮೊಣಕೈಯನ್ನು ಮೇಜಿನ ಮೇಲೆ ಊರಿ. ಸೆಕೆಂಡಿನ 60ನೇ ಒಂದು ಪಾಲು ತೆರೆಯುತ್ತಿದ್ದ ಶಟರ್ 15ನೇ ಒಂದು ಪಾಲು ತೆರೆದರೆ ನಾಲ್ಕು ಪಟ್ಟು ಬೆಳಕು. ಐಎಸ್‌ಒ 3200ರಿಂದ 800ಕ್ಕೆ ಇಳಿಸಬಹುದು. ಅಜ್ಜಿ ಅಷ್ಟು ಹೊತ್ತು ಅಲುಗಾಡದೆ ಕೂತರೆ ಸಾಕು. ಕತ್ತಲೆ ಫೋಟೊ ತೆಗೆದು ಆಮೇಲೆ ಬೆಳ್ಳಗೆ ಮಾಡುತ್ತೇನೆ ಎಂದರೆ ರವೆ ಇನ್ನೂ ಹೆಚ್ಚುತ್ತದೆ.

ಎರಡನೆಯ ಮದ್ದು ಸರಾಸರಿ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಇದೇ ಹೆಚ್ಚು ಇಷ್ಟ. ಒಂದೇ ದೃಶ್ಯದ ನಾಲ್ಕು ಫೋಟೊ ತೆಗೆದು ಸರಾಸರಿ ಮಾಡಿದರೆ ಗದ್ದಲ ಅರ್ಧ. ಹದಿನಾರು ತೆಗೆದರೆ ಕಾಲು ಪಾಲು. ಅಜ್ಜಿಯ ಮೂಗು ಎಲ್ಲ ಫೋಟೊದಲ್ಲೂ ಒಂದೇ ಜಾಗದಲ್ಲಿರುತ್ತದೆ, ರವೆ ಮಾತ್ರ ಒಂದೊಂದರಲ್ಲಿ ಒಂದೊಂದು ಕಡೆ. ಕೂಡಿ ಭಾಗಿಸಿದಾಗ ಮೂಗು ಉಳಿಯುತ್ತದೆ, ರವೆ ಸವೆಯುತ್ತದೆ. ಮೊಬೈಲಿನ ‘ನೈಟ್ ಮೋಡ್’ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಓಡುವ ಮಗುವಿಗೆ ಈ ಉಪಾಯ ನಡೆಯದು; ಒಂದರ ಬದಲು ಮೂರು ಮಗು ಕಂಡಾವು!

ಮೂರನೆಯದು ಸಾಫ್ಟ್‌ವೇರ್. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಬಣ್ಣದ ಚುಕ್ಕಿ ತೆಗೆಯುವ ಪಟ್ಟಿಯನ್ನು ಧಾರಾಳವಾಗಿ ಎಳೆಯಬಹುದು. ಬಣ್ಣದ ಸಣ್ಣ ವ್ಯತ್ಯಾಸಗಳನ್ನು ನಮ್ಮ ಕಣ್ಣು ಅಷ್ಟಾಗಿ ಹುಡುಕುವುದಿಲ್ಲ. ಬೆಳಕಿನ ಕಾಳು ತೆಗೆಯುವ ಪಟ್ಟಿಯನ್ನು ಮೆಲ್ಲಗೆ ಎಳೆಯಿರಿ. ಯಾವುದು ಕಾಳು, ಯಾವುದು ಸುಕ್ಕು ಎಂದು ಯಂತ್ರಕ್ಕೆ ಎಲ್ಲ ಸಲವೂ ತಿಳಿಯುವುದಿಲ್ಲ. ಹೆಚ್ಚು ಉಜ್ಜಿದರೆ ಕಣ್ಣಂಚಿನ ಗೆರೆ ಹೋಗುತ್ತದೆ, ಸೆರಗಿನ ನೇಯ್ಗೆ ಹೋಗುತ್ತದೆ, ಕೊನೆಗೆ ಉಳಿಯುವುದು ಮೇಣದ ಗೊಂಬೆ. ಇಪ್ಪತ್ತು ವರ್ಷದ ಮೇಲೆ ಆ ಫೋಟೊ ತೆಗೆದು ನೋಡುವಾಗ ನಿಮಗೆ ಬೇಕಾಗುವುದು ಆ ಗೆರೆಗಳೇ. ನಾಲ್ಕು ಕಾಳು ಉಳಿದರೆ ಉಳಿಯಲಿ.

ಈ ವಾರದ ಕೆಲಸ: ಸಂಜೆ ಒಂದೇ ಬಲ್ಬು ಹಾಕಿ. ಅಜ್ಜನ ಕನ್ನಡಕವನ್ನು ದಿನಪತ್ರಿಕೆಯ ಮೇಲಿಡಿ. ಮೊಬೈಲನ್ನು ಪುಸ್ತಕಗಳಿಗೆ ಒರಗಿಸಿ, ‘ಪ್ರೊ’ ಮೋಡ್ ಇದ್ದರೆ ಐಎಸ್‌ಒ 100ರಲ್ಲಿ ಒಂದು, 3200ರಲ್ಲಿ ಒಂದು ಫೋಟೊ ತೆಗೆಯಿರಿ; ಶಟರ್ ಆಟೊದಲ್ಲೇ ಇರಲಿ. ಕನ್ನಡಕ ವಾಪಸು ಕೊಟ್ಟು, ಎರಡನ್ನೂ ಹಿಗ್ಗಿಸಿ ಅಜ್ಜನ ಜತೆ ಕೂತು ನೋಡಿ. ಯಾವುದರಲ್ಲಿ ಅಕ್ಷರ ಓದಲು ಬರುತ್ತದೆ ಎಂದು ಅವರೇ ತೀರ್ಪು ಹೇಳಲಿ.