ನಾನು ಹೀರೋನನ್ನು ‘ನಟೋರಿಯಸ್’ ಮಾಡಿದ ಕಥೆ

ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆಯಾ? ಹಾಗಾದ್ರೆ ಕಿಟಕಿ ಪಕ್ಕ ಕೂತ್ಕೊಳ್ಳಿ. ಈ ವಾರ ಯಾವ ನಟಿಯ ಗುಟ್ಟೂ ಇಲ್ಲ. ನನ್ನದೇ ಮಾನ ಹೋದ ಗುಟ್ಟಿದೆ!

ನಾನು ಪಿಯುಸಿಗೆ ಅರ್ಧದಲ್ಲೇ ಕೈಮುಗಿದವನು ಅನ್ನೋದು ನಿಮಗೆ ಗೊತ್ತೇ ಇದೆ. ಕಾರಣ, ಇಂಗ್ಲಿಷು. ಮೂರು ವರ್ಷದ ಹಿಂದೆ ಗಾಂಧಿನಗರದ ನಿರ್ಮಾಪಕರೊಬ್ಬರು ಕರೆದು, ‘ಇಂಗ್ಲಿಷ್ ಪೇಪರ್‌ಗಳಿಗೆ ನಮ್ಮ ಚಿತ್ರದ ಬಗ್ಗೆ ಒಂದು ಪುಟ ಬರ್ಕೊಡಯ್ಯಾ, ಎರಡು ಸಾವಿರ ಕೊಡ್ತೀನಿ’ ಅಂದರು. ರೂಮ್ ಬಾಡಿಗೆ ಬಾಕಿ ಇತ್ತು. ಇಲ್ಲ ಅನ್ನೋದು ಹೇಗೆ?

ರಾತ್ರಿಯಿಡೀ ಪಾಕೆಟ್ ಡಿಕ್ಷನರಿ ತಿರುವಿ ಹಾಕಿದೆ. ನಾಯಕನಿಗೆ ‘ಫೇಮಸ್’ ಅನ್ನೋದು ಸಪ್ಪೆ ಅನ್ನಿಸ್ತು. ಆಗ ಸಿಕ್ಕಿದ್ದೇ ‘ನಟೋರಿಯಸ್’. ಮೊದಲ ಅರ್ಥ: ಹೆಸರುವಾಸಿಯಾದ. ಆಮೇಲೇನಿದೆ ಅಂತ ಓದಲೇ ಇಲ್ಲ. ‘ಅವರ್ ನಟೋರಿಯಸ್ ಹೀರೋ’ ಅಂತ ಬರೆದೇಬಿಟ್ಟೆ!

ಆಮೇಲೆ ಇದ್ದದ್ದು ‘ಕುಖ್ಯಾತ’. ‘ನಮ್ಮ ಹುಡುಗ ಏನ್ ರೌಡಿನಾ?’ ಅಂತ ಹೀರೋ ಕಡೆಯವರು ಕೂಗಾಡಿದರು. ಎರಡು ಸಾವಿರ ಹೋಯಿತು, ಟೀ ತರೋ ಹುಡುಗನೂ ನಕ್ಕ.

ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಹಿರಿಯರೊಬ್ಬರ ಹತ್ತಿರ ಗೋಳು ಹೇಳಿಕೊಂಡೆ. ಅವರು ಕನ್ನಡಕ ತೆಗೆದು ಅಂದರು: ‘ಅರ್ಥ ಅನ್ನೋದು ಪಾಸ್‌ಪೋರ್ಟ್ ಫೋಟೋ ಕಣಯ್ಯಾ. ವಾಕ್ಯ ಅಂದ್ರೆ ಸೀನು. ಸೀನಿನಲ್ಲಿ ನೋಡದೆ ಅವನು ಹೀರೋನೋ ವಿಲನ್ನೋ ಹೇಗೆ ಗೊತ್ತಾಗುತ್ತೆ? ದಿನಕ್ಕೊಂದು ಪದ, ಅದರ ಅರ್ಥ, ನಿನ್ನದೇ ಬದುಕಿನ ಒಂದು ವಾಕ್ಯ. ಸಾಕು.’

ಅವತ್ತಿನಿಂದ ಜೇಬಿನಲ್ಲಿ ನೋಟ್‌ಬುಕ್ಕಿದೆ. ಸಿನಿಮಾ ನಂಟಿನ ನಾಲ್ಕು ಪದ ಅದರಿಂದ ಕೊಡ್ತೀನಿ, ತಗೊಳ್ಳಿ.

ನಟೋರಿಯಸ್: ಕೆಟ್ಟದ್ದಕ್ಕೆ ಹೆಸರಾದ. ಹಿಚ್‌ಕಾಕ್ 1946ರಲ್ಲಿ ಇದೇ ಹೆಸರಿನ ಚಿತ್ರ ತೆಗೆದರು. ನನ್ನ ವಾಕ್ಯ: ‘ದಿಸ್ ರೋಡ್ ಈಸ್ ನಟೋರಿಯಸ್ ಫಾರ್ ಆಕ್ಸಿಡೆಂಟ್ಸ್.’ ಈ ರಸ್ತೆ ಅಪಘಾತಕ್ಕೆ ಕುಖ್ಯಾತ.

ಪಾಪರಾಟ್ಸಿ: ತಾರೆಯರ ಬೆನ್ನುಹತ್ತಿ ಫೋಟೋ ಹೊಡೆಯುವವರು. ಫೆಲಿನಿಯ 1960ರ ‘ಲಾ ದೋಲ್ಚೆ ವೀಟಾ’ ಚಿತ್ರದಲ್ಲಿ ಪಾಪರಾಟ್ಸೊ ಅನ್ನೋ ಫೋಟೋಗ್ರಾಫರ್ ಇದ್ದಾನೆ. ಅವನ ಹೆಸರೇ ಈ ಜಾತಿಗೆಲ್ಲ ಅಂಟಿತು. ವಾಕ್ಯ: ‘ದಿ ಪಾಪರಾಟ್ಸಿ ಫಾಲೋಡ್ ಹರ್ ಟು ದಿ ಟೆಂಪಲ್.’ ದೇವಸ್ಥಾನಕ್ಕೆ ಹೋದರೂ ಬಿಡಲಿಲ್ಲ!

ಗ್ಯಾಸ್‌ಲೈಟ್: ಒಬ್ಬರಿಗೆ ತಮ್ಮ ಬುದ್ಧಿಯ ಮೇಲೆ ತಮಗೇ ಅನುಮಾನ ಬರುವಂತೆ ಮಾಡೋದು. 1938ರ ನಾಟಕ, 1944ರಲ್ಲಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ ಚಿತ್ರ. ಮನೆಯ ಗ್ಯಾಸ್ ದೀಪ ಮಂಕಾಗುತ್ತೆ, ಹೆಂಡತಿ ಕೇಳಿದರೆ ‘ಎಲ್ಲ ನಿನ್ನ ಭ್ರಮೆ’ ಅಂತಾನೆ ಗಂಡ. ಮೆರಿಯಮ್ ವೆಬ್‌ಸ್ಟರ್ ನಿಘಂಟು 2022ರ ವರ್ಷದ ಪದ ಅಂತ ಆರಿಸಿದ್ದು ಇದರಿಂದಲೇ ಹುಟ್ಟಿದ ‘ಗ್ಯಾಸ್‌ಲೈಟಿಂಗ್’. ಆದರೆ ಬರೀ ಸುಳ್ಳಿಗೆ ಇದನ್ನು ಬಳಸಬೇಡಿ. ವಾಕ್ಯ: ‘ಹಿ ಗ್ಯಾಸ್‌ಲೈಟೆಡ್ ಮಿ ಇಂಟು ಡೌಟಿಂಗ್ ಮೈ ಓನ್ ಮೆಮೊರಿ.’ ಸಾಲ ತಗೊಂಡ ಗೆಳೆಯ ‘ನೀನು ಕೊಟ್ಟೇ ಇಲ್ಲ, ನಿನಗೆ ಮರೆವು’ ಅಂತ ಅಂದೂ ಅಂದೂ ನಿಮ್ಮನ್ನೇ ನಂಬಿಸಿಬಿಟ್ಟರೆ, ಅದು!

ರಾಶೊಮೊನ್ ಎಫೆಕ್ಟ್: ಒಂದೇ ಘಟನೆ, ನೋಡಿದವರೆಲ್ಲ ಬೇರೆ ಬೇರೆ ಹೇಳೋದು. ಕುರೊಸಾವಾ ಅವರ 1950ರ ‘ರಾಶೊಮೊನ್’ ಇದರ ತಾಯಿ. ನಮ್ಮ 2014ರ ‘ಉಳಿದವರು ಕಂಡಂತೆ’ ನೆನಪಿದೆಯಲ್ಲ? ವಾಕ್ಯ: ‘ದಿ ಫೈಟ್ ಅಟ್ ದಿ ಟಿಕೆಟ್ ಕೌಂಟರ್ ವಾಸ್ ಎ ಕೇಸ್ ಆಫ್ ದಿ ರಾಶೊಮೊನ್ ಎಫೆಕ್ಟ್.’ ಮೊದಲು ಹೊಡೆದವನು ಯಾರೂ ಅಲ್ಲ!

ಹೋದ ತಿಂಗಳು ಅದೇ ನಿರ್ಮಾಪಕರು ಮತ್ತೆ ಕರೆದರು. ಹೊಸ ಚಿತ್ರ, ಹೊಸ ಹುಡುಗ. ‘ಅಕ್ಲೇಮ್ಡ್ ಹೀರೋ’ ಅಂತ ಬರೆದೆ. ಮೆಚ್ಚುಗೆ ಪಡೆದ ನಾಯಕ. ಆಮೇಲೆ ಸೀನು ನೆನಪಾಯಿತು. ಇದು ಅವನ ಮೊದಲ ಚಿತ್ರ, ಮೆಚ್ಚಿದವರು ಯಾರು? ಹೊಡೆದುಹಾಕಿ ‘ನ್ಯೂ ಹೀರೋ’ ಅಂತ ಬರೆದೆ. ಒಂದೂ ತಪ್ಪು ಸಿಗಲಿಲ್ಲ, ದುಡ್ಡು ಕೈಗೆ ಬಂತು. ದೊಡ್ಡ ಪದ ಕಲಿತವನಿಗೆ ಅದನ್ನು ಎಲ್ಲಿ ಬಿಡಬೇಕು ಅನ್ನೋದೂ ಗೊತ್ತಿರಬೇಕು ನೋಡಿ.

ನಾಲ್ಕರಲ್ಲಿ ಒಂದಕ್ಕೆ ನಿಮ್ಮದೇ ವಾಕ್ಯ ಬರೆದು ಕಳಿಸಿ. ತಪ್ಪಾದರೆ ನಗೋದಿಲ್ಲ, ಆ ಅಧಿಕಾರ ನನಗಿಲ್ಲ! ಅಗೋ, ಕಂಡಕ್ಟರ್ ಸೀಟಿ ಊದಿದ. ಬರ್ತೀನಿ.